ರೆಗ್ಗೆ ತಂಡಗಳು: ಹೊಸದಾಗಿ ಕೇಳಲು ಕೂತವರ ಪದೇ ಪದೇ ಕೇಳುವ ಪ್ರಶ್ನೆಗಳು

ಜಮೈಕಾದಿಂದ ಬಂದ ಸಂಗೀತವೆಲ್ಲ ರೆಗ್ಗೆಯೇ?

ಅಲ್ಲ. 1962ರ ಆಗಸ್ಟ್ 6ರಂದು ಜಮೈಕಾ ಬ್ರಿಟಿಷರಿಂದ ಸ್ವತಂತ್ರವಾದಾಗ ರಾಜಧಾನಿ ಕಿಂಗ್‌ಸ್ಟನ್‌ನ ಬೀದಿಗಳಲ್ಲಿ ಮೊಳಗುತ್ತಿದ್ದದ್ದು ಸ್ಕಾ. ಊದುವ ವಾದ್ಯಗಳ ಅಬ್ಬರವಿದ್ದ, ವೇಗವಾದ ಕುಣಿತದ ಸಂಗೀತ ಅದು. 1966ರ ಸುಮಾರಿಗೆ ವೇಗ ತಗ್ಗಿತು, ಟ್ರಂಪೆಟ್ಟು ಟ್ರೊಂಬೋನುಗಳು ಹಿಂದೆ ಸರಿದವು, ಬಾಸ್ ಗಿಟಾರ್ ಮುಂದಕ್ಕೆ ಬಂತು. ಹೀಗೆ ಬದಲಾದದ್ದಕ್ಕೆ ರಾಕ್‌ಸ್ಟೆಡಿ ಎಂಬ ಹೆಸರು ಬಿತ್ತು. ಅದರ ಆಯಸ್ಸು ಎರಡು ವರ್ಷ ಮಾತ್ರ, ಅದರ ಜಾಗಕ್ಕೆ ಬಂದದ್ದು ರೆಗ್ಗೆ. 1968ರಲ್ಲಿ ಮೇಟಲ್ಸ್ ಎಂಬ ತಂಡ ‘ಡು ದ ರೆಗ್ಗೆ’ ಎಂಬ ಹಾಡು ತಂದಿತು. ಆ ಪದವನ್ನು ಹೊತ್ತು ಬಂದ ಮೊದಲ ಹಾಡೆಂದು ಅದನ್ನೇ ಸಾಮಾನ್ಯವಾಗಿ ಹೇಳುತ್ತಾರೆ. 2018ರಲ್ಲಿ ಯುನೆಸ್ಕೋ ಜಮೈಕಾದ ರೆಗ್ಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಬದಲಾವಣೆಗಳೆಲ್ಲ ಇಷ್ಟು ಬೇಗ ಆದದ್ದಕ್ಕೆ ಒಂದು ಕಾರಣ ಸೌಂಡ್ ಸಿಸ್ಟಮ್‌ಗಳು. ಬಯಲಿನಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿ, ಟಿಕೇಟು ಇಟ್ಟು ಜನರನ್ನು ಕುಣಿಸುತ್ತಿದ್ದ ಈ ಸಂಚಾರಿ ಧ್ವನಿವರ್ಧಕ ಕಂಪನಿಗಳ ನಡುವೆ ಬಿರುಸಿನ ಪೈಪೋಟಿಯಿತ್ತು. ಎದುರಾಳಿಯ ಬಳಿ ಇಲ್ಲದ ಹಾಡು ತನ್ನ ಬಳಿ ಇರಬೇಕೆಂಬ ಹಟದಿಂದಲೇ ಕಾಕ್ಸನ್ ಡಾಡ್, ಡ್ಯೂಕ್ ರೀಡ್‌ರಂಥ ಮಾಲೀಕರು ತಾವೇ ಧ್ವನಿಮುದ್ರಣಕ್ಕೆ ಇಳಿದರು. ಜಮೈಕಾದ ಹಾಡುಗಳು ಮೊದಲು ಮೆಚ್ಚಿಸಬೇಕಾಗಿದ್ದದ್ದು ರೇಡಿಯೊ ಕೇಳುವವರನ್ನಲ್ಲ, ಆ ಪೆಟ್ಟಿಗೆಗಳ ಮುಂದೆ ನಿಂತ ಜನರನ್ನು. ಬಾಸ್‌ಗೆ ಅಷ್ಟು ಮಹತ್ವ ಬಂದದ್ದೂ ಅಲ್ಲಿಂದಲೇ.

ಎಲ್ಲ ಹಾಡುಗಳೂ ಒಂದೇ ಥರ ಕೇಳಿಸುತ್ತವಲ್ಲ?

ಹೊಸಬರು ಬಹುಪಾಲು ಹೀಗೆಯೇ ಹೇಳುತ್ತಾರೆ, ಮತ್ತು ಇದಕ್ಕೆ ಅರ್ಧ ಕಾರಣ ಮೊಬೈಲಿನ ಸ್ಪೀಕರ್. ನಾನೂ ಮೊದಲ ಸಲ ಫೋನಿನಲ್ಲಿ ಕೇಳಿ, ಗಿಟಾರಿನ ‘ಚಕ್ ಚಕ್’ ಬಿಟ್ಟು ಬೇರೇನೂ ಇಲ್ಲವೆಂದು ಕೈಬಿಟ್ಟಿದ್ದೆ. ವರ್ಷದ ನಂತರ ಗೆಳೆಯನೊಬ್ಬನ ಮನೆಯ ದೊಡ್ಡ ಸ್ಪೀಕರಿನಲ್ಲಿ ಅದೇ ಹಾಡು ಕೇಳಿದಾಗ, ಅಷ್ಟು ದಿನ ಹಾಡಿನ ಸಿಪ್ಪೆಯನ್ನಷ್ಟೇ ಕೇಳಿದ್ದೆನೆಂದು ತಿಳಿಯಿತು. ರೆಗ್ಗೆಯಲ್ಲಿ ರಾಗವನ್ನು ಹೊತ್ತು ನಡೆಯುವುದು ಎಷ್ಟೋ ಸಲ ಬಾಸ್ ಗಿಟಾರೇ. ಸಣ್ಣ ಸ್ಪೀಕರು ಅದನ್ನೇ ನುಂಗಿಹಾಕುತ್ತದೆ. ಸಾಧಾರಣ ಇಯರ್‌ಫೋನ್ ಆದರೂ ಸಾಕು, ಆದರೆ ಫೋನಿನ ಬಾಯಿಯಿಂದ ಮಾತ್ರ ಕೇಳಬೇಡಿ.

ಇನ್ನರ್ಧ ಕಾರಣ ತಾಳ. ಮೇಜಿನ ಮೇಲೆ ಕೈಯಿಟ್ಟು ತುಸು ಚುರುಕಾಗಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ. ಗಿಟಾರಿನ ಕತ್ತರಿಸಿದಂಥ ಸದ್ದು ಎರಡು ಮತ್ತು ನಾಲ್ಕರ ಮೇಲೆ ಬರುತ್ತದೆ. ಡ್ರಮ್ಮಿನ ದೊಡ್ಡ ಪೆಟ್ಟು ಮೂರರ ಮೇಲೆ ಬೀಳುತ್ತದೆ. ಒಂದರ ಮೇಲೆ ಡ್ರಮ್ಮಿನ ಪೆಟ್ಟೇ ಇಲ್ಲ. ಸಮದ ಮೇಲೆ ಘಾತ ಬೀಳಲೆಂದು ಕಾಯುವ ನಮ್ಮ ಕಿವಿಗೆ ಇದು ಮೊದಮೊದಲು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದಂತೆ ಅನ್ನಿಸುತ್ತದೆ. ಮೊದಲ ಪೆಟ್ಟನ್ನು ಹೀಗೆ ಬಿಟ್ಟುಕೊಡುವ ನಡೆಗೆ ‘ವನ್ ಡ್ರಾಪ್’ ಎನ್ನುತ್ತಾರೆ. ನಾಲ್ಕೂ ಎಣಿಕೆಯ ಮೇಲೆ ಡ್ರಮ್ ಒದೆಯುವ ‘ಸ್ಟೆಪರ್ಸ್’ ಎಂಬ ಇನ್ನೊಂದು ನಡೆಯಿದೆ. ಈ ಎರಡನ್ನು ಬೇರ್ಪಡಿಸಿ ಗುರುತಿಸಲು ಬಂದ ದಿನದಿಂದ ಹಾಡುಗಳು ಒಂದೇ ಥರ ಕೇಳಿಸುವುದು ನಿಲ್ಲುತ್ತದೆ.

ಬಾಬ್ ಮಾರ್ಲಿಯಿಂದಲೇ ಶುರು ಮಾಡಬೇಕೇ?

ಮಾಡಿ, ತಪ್ಪೇನಿಲ್ಲ. ಆದರೆ ಗೋಕರ್ಣದ ಕಡಲತೀರದ ಅಂಗಡಿಗಳಲ್ಲಿ ತೂಗುಹಾಕಿದ ಅಂಗಿಗಳ ಮೇಲಿನ ಮುಖವನ್ನು ಪಕ್ಕಕ್ಕಿಟ್ಟು, ದ ವೇಲರ್ಸ್ ಎಂಬ ತಂಡದಿಂದ ಶುರು ಮಾಡಿ. 1963ರಲ್ಲಿ ಕಿಂಗ್‌ಸ್ಟನ್‌ನ ಟ್ರೆಂಚ್‌ಟೌನ್ ಎಂಬ ಬಡ ಬಡಾವಣೆಯಲ್ಲಿ ಕೂಡಿದ ಈ ಹುಡುಗರ ಗುಂಪಿನಲ್ಲಿ ಮಾರ್ಲಿಯ ಜೊತೆಗೆ ಪೀಟರ್ ಟಾಷ್, ಬನ್ನಿ ವೇಲರ್ ಸರಿಸಮನಾಗಿ ಇದ್ದರು. ಹತ್ತು ವರ್ಷ ಜಮೈಕಾದಲ್ಲೇ ಹಾಡಿದ ಮೇಲೆ, 1973ರಲ್ಲಿ ಐಲೆಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್ ಅವರು ‘ಕ್ಯಾಚ್ ಎ ಫೈರ್’ ಆಲ್ಬಮ್ ಹೊರತಂದಾಗಲೇ ಹೊರಜಗತ್ತು ಇವರನ್ನು ಗಮನಿಸಿದ್ದು.

ಆ ಆಲ್ಬಮ್ಮಿನ ‘ಕಾಂಕ್ರೀಟ್ ಜಂಗಲ್’ ಹಾಡನ್ನು ಸಾವಧಾನವಾಗಿ ಕೇಳಿ. ಅದರಲ್ಲಿ ಅಳುವಂತೆ ಏರಿ ಇಳಿಯುವ ರಾಕ್ ಗಿಟಾರ್ ಜಮೈಕಾದವರದ್ದಲ್ಲ. ಅಮೆರಿಕದ ಅಲಬಾಮಾದ ವೇಯ್ನ್ ಪರ್ಕಿನ್ಸ್ ಎಂಬ ವಾದಕ ಅದನ್ನು ಆಮೇಲೆ ಲಂಡನ್ನಿನಲ್ಲಿ ಸೇರಿಸಿದ್ದು. ರಾಕ್ ಕೇಳುವ ಬಿಳಿಯ ಹುಡುಗರಿಗೆ ಹಿಡಿಸಲಿ ಎಂದು ಬ್ಲ್ಯಾಕ್‌ವೆಲ್ ಹಾಗೆ ಮಾಡಿಸಿದರು. 2001ರಲ್ಲಿ ಆ ಒಗ್ಗರಣೆಯಿಲ್ಲದ ಮೂಲ ಜಮೈಕಾ ಪ್ರತಿಯೂ ಬಿಡುಗಡೆಯಾಯಿತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಬಾಸ್ ಎಲ್ಲಿ ನಿಲ್ಲುತ್ತದೆ, ಮೌನ ಎಷ್ಟು ಕೆಲಸ ಮಾಡುತ್ತದೆ ಎಂಬುದು ಯಾವ ವಿವರಣೆಯೂ ಬೇಡದೆ ತಿಳಿಯುತ್ತದೆ. ನನಗೆ ಮೂಲ ಪ್ರತಿಯೇ ಮೇಲು.

ಅದೇ ವರ್ಷದ ‘ಬರ್ನಿನ್’ ಆದ ಬಳಿಕ ಟಾಷ್ ಮತ್ತು ಬನ್ನಿ ತಂಡ ಬಿಟ್ಟರು. 1984ರ ಸಂಕಲನ ‘ಲೆಜೆಂಡ್’ ಬಹುತೇಕರ ಮೊದಲ ರೆಗ್ಗೆ ಆಲ್ಬಮ್. ಅದರಲ್ಲಿ ಪ್ರೇಮದ, ಸಮಾಧಾನದ ಹಾಡುಗಳೇ ಹೆಚ್ಚು, ಕೋಪದ ಹಾಡುಗಳು ಕಡಿಮೆ. ಅದನ್ನು ಬಾಗಿಲೆಂದು ಎಣಿಸಿ, ಅಲ್ಲೇ ಜಗುಲಿಯಲ್ಲಿ ಕೂತುಬಿಡಬೇಡಿ.

ವೇಲರ್ಸ್ ಆದ ಮೇಲೆ ಯಾರನ್ನು ಕೇಳಲಿ?

ಟೂಟ್ಸ್ ಅಂಡ್ ದ ಮೇಟಲ್ಸ್. ಟೂಟ್ಸ್ ಹಿಬರ್ಟ್ ಚರ್ಚಿನಲ್ಲಿ ಹಾಡುತ್ತ ಬೆಳೆದವರು; ಅವರ ಕಂಠದಲ್ಲಿ ಅಮೆರಿಕದ ಸೋಲ್ ಗಾಯಕರ ಒರಟು ಬಿಸಿಯಿದೆ, ಹಾಗಾಗಿ ಹೊಸ ಕೇಳುಗರನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತದೆ. ‘54-46 ವಾಸ್ ಮೈ ನಂಬರ್’ ಎಂಬ ಅವರ ಪ್ರಸಿದ್ಧ ಹಾಡು ಜೈಲುವಾಸದ ನೆನಪಿನದು, ಆ ಅಂಕಿ ಕೈದಿಯ ಸಂಖ್ಯೆ. ಟೂಟ್ಸ್ 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮುಂದಿನ ವರ್ಷ ಅವರ ಕೊನೆಯ ಆಲ್ಬಮ್ಮಿಗೆ ಗ್ರ್ಯಾಮಿ ಬಂತು.

ಒಂದೇ ಆಲ್ಬಮ್ಮಿನಲ್ಲಿ ಹಲವು ತಂಡಗಳ ರುಚಿ ಬೇಕಾದರೆ 1972ರ ‘ದ ಹಾರ್ಡರ್ ದೇ ಕಮ್’ ಚಿತ್ರದ ಹಾಡುಗಳನ್ನು ಕೇಳಿ. ಅದರಲ್ಲಿ ಮೆಲೋಡಿಯನ್ಸ್ ಎಂಬ ಮೂವರು ಹಾಡಿದ ‘ರಿವರ್ಸ್ ಆಫ್ ಬ್ಯಾಬಿಲೋನ್’ ಇದೆ. ನಮ್ಮಲ್ಲಿ ಒಂದು ತಲೆಮಾರು ಬೋನಿ ಎಂ ಎಂಬ ಡಿಸ್ಕೊ ತಂಡದ ಕ್ಯಾಸೆಟ್ಟಿನಲ್ಲಿ ಕುಣಿದ ಹಾಡು ಇದೇ. ಬೋನಿ ಎಂ ಅದನ್ನು 1978ರಲ್ಲಿ ಹಾಡಿತು, ಮೆಲೋಡಿಯನ್ಸ್ ಅದಕ್ಕೂ ಎಂಟು ವರ್ಷ ಮೊದಲು. ಸಾಹಿತ್ಯ ಬೈಬಲ್ಲಿನ ಕೀರ್ತನೆಗಳದ್ದು: ಸೆರೆಯಾಗಿ ಪರದೇಶಕ್ಕೆ ಒಯ್ಯಲ್ಪಟ್ಟವರು ನದಿಯ ದಂಡೆಯಲ್ಲಿ ಕೂತು ಅಳುವ ಪ್ರಸಂಗ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಮೊಮ್ಮಕ್ಕಳ ಬಾಯಲ್ಲಿ ಅದು ಡಿಸ್ಕೊ ಆಗಿರಲಿಲ್ಲ.

ತಂಡದ ಚಿತ್ರದಲ್ಲಿ ಮೂರೇ ಜನರಿದ್ದಾರೆ, ಮೂವರೂ ಹಾಡುವವರು. ವಾದ್ಯ ನುಡಿಸಿದವರು ಯಾರು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಜಮೈಕಾದಲ್ಲಿ ‘ಗ್ರೂಪ್’ ಅಂದರೆ ಸಾಮಾನ್ಯವಾಗಿ ಹಾಡುವವರ ಗುಂಪು, ಹೆಚ್ಚಾಗಿ ಮೂವರದು. ವಾದ್ಯದವರು ಸ್ಟುಡಿಯೊಕ್ಕೆ ಸೇರಿದವರು. ಬೆಳಿಗ್ಗೆ ಒಂದು ಗುಂಪಿಗೆ, ಮಧ್ಯಾಹ್ನ ಇನ್ನೊಂದು ಗುಂಪಿಗೆ, ಅದೇ ಏಳೆಂಟು ಜನ ಹಾಡಿಗಿಷ್ಟು ಎಂಬ ಕೂಲಿಗೆ ನುಡಿಸುತ್ತಿದ್ದರು, ಮತ್ತು ನಿರ್ಮಾಪಕ ಬದಲಾದಂತೆ ಅವರ ಹೆಸರೂ ಬದಲಾಗುತ್ತಿತ್ತು. ಹುಕಿಮ್ ಸಹೋದರರ ಚಾನಲ್ ವನ್ ಸ್ಟುಡಿಯೊದಲ್ಲಿ ರೆವಲ್ಯೂಷನರೀಸ್ ಎನ್ನಿಸಿಕೊಂಡವರಲ್ಲಿ ಹಲವರು ಬನ್ನಿ ಲೀ ಅವರಿಗೆ ನುಡಿಸುವಾಗ ಆಗ್ರೊವೇಟರ್ಸ್, ಜೋ ಗಿಬ್ಸ್ ಅವರಲ್ಲಿ ಪ್ರೊಫೆಷನಲ್ಸ್. ನಮ್ಮ ನಾಟಕ ಕಂಪನಿಗಳ ಹಾರ್ಮೋನಿಯಂ ಮಾಸ್ತರರನ್ನು ನೆನೆದುಕೊಳ್ಳಿ: ಬೋರ್ಡಿನ ಮೇಲೆ ನಟರ ಹೆಸರು, ರಾತ್ರಿಯಿಡೀ ನಾಟಕ ಎತ್ತಿ ಹಿಡಿದವರು ಬದಿಯಲ್ಲಿ.

ಇದರ ಮೂಲ ಸ್ಕಾಟಲೈಟ್ಸ್ ಎಂಬ ವಾದಕರ ತಂಡದಲ್ಲಿದೆ. 1964ರಲ್ಲಿ ಶುರುವಾಗಿ ಮರುವರ್ಷವೇ ಒಡೆದುಹೋದ, 1983ರಲ್ಲಿ ಮತ್ತೆ ಕೂಡಿದ ಈ ತಂಡದ ಟಾಮಿ ಮೆಕುಕ್, ಡಾನ್ ಡ್ರಮಂಡ್ ಮುಂತಾದವರು ಕಲಿತದ್ದು ಕಿಂಗ್‌ಸ್ಟನ್‌ನ ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ. ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆ ಶಾಲೆಯಲ್ಲಿ ಬಡ ಹುಡುಗರಿಗೆ ಕಸುಬಿನ ಜೊತೆ ಬ್ಯಾಂಡೂ ಕಲಿಸುತ್ತಿದ್ದರು. ವೇಲರ್ಸ್‌ನ ಮೊದಲ ಜನಪ್ರಿಯ ಹಾಡು ‘ಸಿಮರ್ ಡೌನ್’ನಲ್ಲಿ ನುಡಿಸಿದವರು ಇದೇ ಸ್ಕಾಟಲೈಟ್ಸ್‌ನವರು. ಮುಂದೆ ವೇಲರ್ಸ್ ನಿಜಕ್ಕೂ ವಾದ್ಯಸಹಿತವಾದ ತಂಡವಾದದ್ದು, ನಿರ್ಮಾಪಕ ಲೀ ‘ಸ್ಕ್ರ್ಯಾಚ್’ ಪೆರಿ ಅವರ ವಾದಕರ ತಂಡ ಅಪ್‌ಸೆಟರ್ಸ್‌ನಲ್ಲಿದ್ದ ಬಾಸ್ ವಾದಕ ಆಸ್ಟನ್ ‘ಫ್ಯಾಮಿಲಿ ಮ್ಯಾನ್’ ಬ್ಯಾರೆಟ್ ಮತ್ತು ಅವರ ತಮ್ಮ, ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಬಂದು ಜೊತೆಗೂಡಿದ ಮೇಲೆ. ಮಾರ್ಲಿಯ ಹಾಡುಗಳೆಂದು ನಾವು ಗುರುತಿಸುವ ಆ ನಡಿಗೆ ಈ ಅಣ್ಣತಮ್ಮಂದಿರದು.

ಆದ್ದರಿಂದ ಒಂದು ಆಲ್ಬಮ್ ಇಷ್ಟವಾದರೆ ಹಾಡಿದವರ ಮುಂದಿನ ಆಲ್ಬಮ್ ಹುಡುಕುವ ಮುನ್ನ, ಬಾಸ್ ಮತ್ತು ಡ್ರಮ್ ಯಾರದೆಂದು ನೋಡಿ ಅವರ ಹಿಂದೆ ಹೋಗಿ. ಸ್ಲೈ ಡನ್‌ಬಾರ್ ಮತ್ತು ರಾಬಿ ಶೇಕ್ಸ್‌ಪಿಯರ್ ಜೋಡಿ, ಹಾಗೂ 1980ರ ದಶಕದ ನಿಧಾನ ನಡೆಯ ರೂಟ್ಸ್ ರಾಡಿಕ್ಸ್, ಈ ಎರಡು ಹೆಸರು ಹಿಡಿದು ಹೊರಟರೆ ವರ್ಷವಿಡೀ ಕೇಳುವಷ್ಟು ಸಿಗುತ್ತದೆ.

ಹಾಡುವ ಮೂವರ ತಂಡಗಳಲ್ಲಿ ಯಾವುದರಿಂದ ಆರಂಭಿಸಲಿ?

ಬರ್ನಿಂಗ್ ಸ್ಪಿಯರ್‌ನಿಂದ. ಮಾರ್ಲಿಯೂ, ಕರಿಯರ ಸ್ವಾಭಿಮಾನದ ನಾಯಕ ಮಾರ್ಕಸ್ ಗಾರ್ವಿಯೂ ಹುಟ್ಟಿದ ಸೇಂಟ್ ಆನ್ ಸೀಮೆಯವರೇ ಆದ ವಿನ್‌ಸ್ಟನ್ ರಾಡ್ನಿ ಇದರ ಜೀವ. ಈಗ ಆ ಹೆಸರು ಅವರೊಬ್ಬರದೇ ಆದರೂ, 1975ರ ‘ಮಾರ್ಕಸ್ ಗಾರ್ವಿ’ ಆಲ್ಬಮ್ ಮಾಡಿದಾಗ ರೂಪರ್ಟ್ ವಿಲ್ಲಿಂಗ್ಟನ್, ಡೆಲ್ರಾಯ್ ಹೈಂಡ್ಸ್ ಜೊತೆಗಿದ್ದರು. ರಾಡ್ನಿ ಹಾಡುವುದು ಕಡಿಮೆ, ಜಪಿಸುವುದು ಹೆಚ್ಚು. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತ, ಪ್ರತಿ ಸಲವೂ ಒಂದು ಕೂದಲೆಳೆಯಷ್ಟು ಬದಲಿಸುತ್ತ ಹೋಗುವ ಈ ರೀತಿ ಭಜನೆಯ ಅಭ್ಯಾಸವಿರುವ ಕಿವಿಗೆ ಅಪರಿಚಿತವಲ್ಲ.

ಅಬಿಸೀನಿಯನ್ಸ್ ತಂಡದ ‘ಸಟ್ಟಾ ಮಸ್ಸಗಾನ’ ಹಾಡಿಗೆ ಇಥಿಯೋಪಿಯದ ಅಮ್ಹಾರಿಕ್ ಭಾಷೆಯ ಪದಗಳೇ ಹೆಸರು. 1969ರಲ್ಲಿ ಸ್ಟುಡಿಯೊ ವನ್‌ನಲ್ಲಿ ಮುದ್ರಣವಾದ ಇದನ್ನು ಕಾಕ್ಸನ್ ಡಾಡ್ ಬಿಡುಗಡೆ ಮಾಡಲಿಲ್ಲ; ತಂಡದವರೇ ಟೇಪನ್ನು ಕೊಂಡು 1971ರಲ್ಲಿ ತಮ್ಮದೇ ಲೇಬಲ್ಲಿನಲ್ಲಿ ತಂದರು. ಮುಂದೆ ಅದು ಜಮೈಕಾದ ರಾಸ್ತಾಫಾರಿ ಎಂಬ ಧಾರ್ಮಿಕ ಪಂಥದವರ ಸ್ತೋತ್ರವೇ ಆಯಿತು.

ಕಾಂಗೋಸ್ ತಂಡದ ‘ಹಾರ್ಟ್ ಆಫ್ ದ ಕಾಂಗೋಸ್’ (1977) ಮಾತ್ರ ಮೊದಲ ವಾರ ಕೇಳಬೇಡಿ, ನಾಲ್ಕನೆಯ ವಾರಕ್ಕೆ ಇಟ್ಟುಕೊಳ್ಳಿ. ಸೆಡ್ರಿಕ್ ಮೈಟನ್ ಅವರ ಹಕ್ಕಿಯಷ್ಟು ಎತ್ತರದ ದನಿ, ರಾಯ್ ಜಾನ್ಸನ್ ಅವರ ಅದಕ್ಕಿಂತ ತಗ್ಗಿನ ದನಿ, ಇವುಗಳ ಸುತ್ತ ಲೀ ಪೆರಿ ತಮ್ಮ ಹಿತ್ತಲಿನ ಬ್ಲ್ಯಾಕ್ ಆರ್ಕ್ ಸ್ಟುಡಿಯೊದಲ್ಲಿ ಹೊಗೆಯಂತೆ ಸದ್ದುಗಳನ್ನು ಹಬ್ಬಿಸಿದ್ದಾರೆ. ನಾಲ್ಕೇ ಟ್ರ್ಯಾಕಿನ ಯಂತ್ರದಲ್ಲಿ ಪದರದ ಮೇಲೆ ಪದರ ಹಾಕಿ ಮಾಡಿದ ಕೆಲಸ ಅದು. ಹಾಡಿನ ನಡುವೆ ದೂರದಲ್ಲೆಲ್ಲೋ ಹಸು ‘ಅಂಬಾ’ ಎಂದಂತೆ ಕೇಳಿಸಿದರೆ ನಿಮ್ಮ ಬೀದಿಯದ್ದೆಂದು ಕಿಟಕಿಯಾಚೆ ನೋಡಬೇಕಾಗಿಲ್ಲ, ಅದು ಮುದ್ರಣದಲ್ಲೇ ಇದೆ.

ಕಲ್ಚರ್ ತಂಡದ ‘ಟೂ ಸೆವೆನ್ಸ್ ಕ್ಲ್ಯಾಶ್’ (1977) ಇದಕ್ಕೆ ತದ್ವಿರುದ್ಧ: ಬಿಸಿಲಿನಷ್ಟು ಸ್ಪಷ್ಟ, ಕುಣಿಸುವಂಥದ್ದು. ಎರಡು ಏಳುಗಳು ಎದುರಾದಾಗ ಅನಾಹುತವಾಗುತ್ತದೆಂಬ ಭವಿಷ್ಯವಾಣಿಯೇ ಹಾಡಿನ ವಸ್ತು. 1977ರ ಜುಲೈ 7ರಂದು ಕಿಂಗ್‌ಸ್ಟನ್‌ನಲ್ಲಿ ಅನೇಕರು ಹೆದರಿ ಮನೆಯಿಂದ ಹೊರಬರಲಿಲ್ಲ. ಪ್ರಳಯದ ಮಾತನ್ನು ಜೋಸೆಫ್ ಹಿಲ್ ಇಷ್ಟು ಉಲ್ಲಾಸದಿಂದ ಹಾಡುವುದು ಹೇಗೆಂದು ನನಗೆ ಇಂದಿಗೂ ಸೋಜಿಗ.

ಮೈಟಿ ಡೈಮಂಡ್ಸ್‌ನ ‘ರೈಟ್ ಟೈಮ್’ ನಯವಾದ ಹೊಂದುಗಾಯನಕ್ಕೆ ಒಳ್ಳೆಯದು, ಅದರಲ್ಲಿ ಸ್ಲೈ ಡನ್‌ಬಾರ್ ಅವರ ಡ್ರಮ್ ಕೇಳಿ. ಹೆಪ್ಟೋನ್ಸ್‌ನ ಲೆರಾಯ್ ಸಿಬಲ್ಸ್ ಹಾಡುವುದರ ಜೊತೆಗೆ ಸ್ಟುಡಿಯೊ ವನ್‌ನಲ್ಲಿ ಬಾಸ್ ನುಡಿಸುತ್ತಿದ್ದವರು. ಇಸ್ರೇಲ್ ವೈಬ್ರೇಷನ್‌ನ ಮೂವರೂ ಬಾಲ್ಯದಲ್ಲಿ ಪೋಲಿಯೊ ತಗುಲಿ, ಮೋನಾ ಎಂಬಲ್ಲಿನ ಪುನಶ್ಚೇತನ ಕೇಂದ್ರದಲ್ಲಿ ಪರಿಚಯವಾದವರು. ಊರುಗೋಲು ಹಿಡಿದೇ ವೇದಿಕೆಯೇರುತ್ತಿದ್ದ ಅವರ ‘ದ ಸೇಮ್ ಸಾಂಗ್’ ಆಲ್ಬಮ್ಮಿನಲ್ಲಿ ಸ್ವಮರುಕದ ಸುಳಿವೇ ಇಲ್ಲ.

ಬೇರೆ ಬೇರೆ ಹಾಡುಗಳಲ್ಲಿ ಅದೇ ಹಿನ್ನೆಲೆ ಸಂಗೀತ ಬರುತ್ತದೆ. ಇದು ಕಳ್ಳತನವಲ್ಲವೇ?

ಜಮೈಕಾದಲ್ಲಿ ಅಲ್ಲ. ಬಾಸ್ ಮತ್ತು ಡ್ರಮ್ಮಿನ ಒಂದು ಚೌಕಟ್ಟಿಗೆ ಅಲ್ಲಿ ‘ರಿಡಿಮ್’ ಎನ್ನುತ್ತಾರೆ, ಅದರ ಮೇಲೆ ಎಷ್ಟು ಜನ ಬೇಕಾದರೂ ತಮ್ಮ ಹಾಡು ಕಟ್ಟುತ್ತಾರೆ. ಒಂದೇ ಮಟ್ಟಿಗೆ ಹತ್ತು ಪದ ಕಟ್ಟುವುದು ನಮ್ಮ ಲಾವಣಿಕಾರರಿಗೂ ಹೊಸದಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೆ ಹಿಂಬಾಲಿಸೋಣ. 1960ರ ದಶಕದ ಕೊನೆಯಲ್ಲಿ ಸ್ಟುಡಿಯೊ ವನ್‌ನ ವಾದಕರಾದ ಸೌಂಡ್ ಡೈಮೆನ್ಷನ್ ‘ಫುಲ್ ಅಪ್’ ಎಂಬ ಹಾಡಿಲ್ಲದ ತುಣುಕೊಂದನ್ನು ನುಡಿಸಿದರು. 1980ರ ದಶಕದ ಆರಂಭದಲ್ಲಿ ಮೈಟಿ ಡೈಮಂಡ್ಸ್ ಅದೇ ರಿಡಿಮ್ಮಿನ ಮೇಲೆ ‘ಪಾಸ್ ದ ಕೂಚಿ’ ಹಾಡಿದರು. ಕೂಚಿ ಅಂದರೆ ಗಾಂಜಾ ಸೇದುವ ಚಿಲುಮೆ. 1982ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಶಾಲಾ ಹುಡುಗರ ತಂಡ ಮ್ಯೂಸಿಕಲ್ ಯೂತ್ ಅದನ್ನು ಎತ್ತಿಕೊಂಡಿತು. ಮಕ್ಕಳ ಬಾಯಲ್ಲಿ ಚಿಲುಮೆ ಸರಿಹೋಗುವುದಿಲ್ಲವಾದ್ದರಿಂದ ಕೂಚಿ ಹೋಗಿ ‘ಡಚ್ಚಿ’ ಬಂತು. ಡಚ್ಚಿ ಅಂದರೆ ಅಡುಗೆಯ ದಪ್ಪ ಪಾತ್ರೆ. ಎಡಗಡೆಯವರಿಗೆ ದಾಟಿಸು ಎಂಬ ಸಾಲು ಹಾಗೇ ಉಳಿಯಿತು, ಕೈಯಿಂದ ಕೈಗೆ ದಾಟುವ ವಸ್ತು ಮಾತ್ರ ಬದಲಾಯಿತು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು.

1985ರಲ್ಲಿ ವೇಯ್ನ್ ಸ್ಮಿತ್ ಹಾಡಿ, ಕಿಂಗ್ ಜ್ಯಾಮಿ ತಯಾರಿಸಿದ ‘ಸ್ಲೆಂಗ್ ಟೆಂಗ್’ ಬಂದಾಗ ವಾದಕರೇ ಬೇಡವಾದರು: ರಿಡಿಮ್ ಹುಟ್ಟಿದ್ದು ಕ್ಯಾಸಿಯೊ ಕಂಪನಿಯ ಎಂಟಿ-40 ಎಂಬ ಚಿಕ್ಕ ಕೀಬೋರ್ಡಿನ ಸಿದ್ಧ ತಾಳದಿಂದ. ಆ ತಾಳವನ್ನು ಕೂಡಿಸಿದ್ದ ಓಕುಡಾ ಹಿರೋಕೊ ಎಂಬ ಜಪಾನಿ ಮಹಿಳೆ ಕಾಲೇಜಿನಲ್ಲಿ ಪ್ರಬಂಧ ಬರೆದದ್ದೇ ರೆಗ್ಗೆ ಕುರಿತು. ಅಲ್ಲಿಂದ ಮುಂದಿನದು ಯಂತ್ರದ ತಾಳದ ಡ್ಯಾನ್ಸ್‌ಹಾಲ್ ಸಂಗೀತದ ಯುಗ, ಅದಕ್ಕೆ ಬೇರೆಯದೇ ಪುಟ ಬೇಕು.

ಡಬ್ ಅಂದರೇನು? ಅದಕ್ಕೂ ತಂಡಗಳಿವೆಯೇ?

ಮುದ್ರಿತವಾದ ಹಾಡಿನಿಂದ ಗಾಯನವನ್ನು ತೆಗೆದು, ಉಳಿದ ಬಾಸ್, ಡ್ರಮ್ಮುಗಳನ್ನು ಮಿಕ್ಸಿಂಗ್ ಮೇಜಿನ ಮೇಲೆ ಏರಿಸಿ, ಇಳಿಸಿ, ಪ್ರತಿಧ್ವನಿಗೆ ಒಡ್ಡಿ ಮಾಡುವ ಮರುಸೃಷ್ಟಿಯೇ ಡಬ್. ಅಲ್ಲಿ ವಾದ್ಯವೆಂದರೆ ಮಿಕ್ಸಿಂಗ್ ಮೇಜು. ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡಿದ್ದ ಓಸ್ಬರ್ನ್ ರಡಕ್, ಅಂದರೆ ಕಿಂಗ್ ಟಬ್ಬಿ, ಇದರ ಗುರು. ಅಗಸ್ಟಸ್ ಪ್ಯಾಬ್ಲೊ ಅವರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಕೇಳಿದರೆ ಸಾಕು; ಅದರಲ್ಲಿ ಪ್ಯಾಬ್ಲೊ ಊದುವ ಮೆಲೋಡಿಕಾ ಮಕ್ಕಳಿಗೆ ಶಾಲೆಯಲ್ಲಿ ಕಲಿಸಲು ಬಳಸುವ ವಾದ್ಯ. ಬರ್ನಿಂಗ್ ಸ್ಪಿಯರ್ ಇಷ್ಟವಾಗಿದ್ದರೆ ಅದರ ಡಬ್ ರೂಪವಾದ ‘ಗಾರ್ವೀಸ್ ಗೋಸ್ಟ್’ ಅನ್ನು ಮೂಲದ ಪಕ್ಕ ಇಟ್ಟು ಕೇಳಬಹುದು.

ಇಂಗ್ಲೆಂಡಿನ ತಂಡಗಳು ಅಸಲಿಯೇ, ಅನುಕರಣೆಯೇ?

ವಲಸೆ ಹೋದ ಕೆರಿಬಿಯನ್ ಕುಟುಂಬಗಳ ಮಕ್ಕಳು ತಮ್ಮ ಬೀದಿಯ ಕಷ್ಟವನ್ನೇ ಹಾಡಿದಾಗ ಅದನ್ನು ಅನುಕರಣೆ ಎನ್ನುವುದು ಸರಿಯಲ್ಲ. ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್ ಬಡಾವಣೆಯ ಸ್ಟೀಲ್ ಪಲ್ಸ್ ತಂಡದ ‘ಹ್ಯಾಂಡ್ಸ್‌ವರ್ತ್ ರೆವಲ್ಯೂಷನ್’ (1978) ನನ್ನ ಮಟ್ಟಿಗೆ ಬ್ರಿಟಿಷ್ ರೆಗ್ಗೆಯ ಅತ್ಯುತ್ತಮ ಆಲ್ಬಮ್. ಜಮೈಕಾದ ಗುಂಪುಗಳಿಗಿಂತ ಭಿನ್ನವಾಗಿ ಇವರು ತಾವೇ ಬರೆದು, ಹಾಡಿ, ನುಡಿಸುವವರು. ಹೀಗಾಗಿ ರಾಕ್ ತಂಡಗಳಿಗೆ ಒಗ್ಗಿದವರಿಗೆ ಇವರು ಬೇಗ ಹತ್ತಿರವಾಗುತ್ತಾರೆ. ಲಂಡನ್ನಿನ ಆಸ್ವಾಡ್ 1988ರಲ್ಲಿ ಪಾಪ್ ಪಟ್ಟಿಯ ತುದಿಗೇರಿತು, ಆದರೆ ಅದಕ್ಕೂ ಮೊದಲು, 1977ರಲ್ಲಿ, ಬರ್ನಿಂಗ್ ಸ್ಪಿಯರ್ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಹಾಡಿದಾಗ ಹಿಂದೆ ನಿಂತು ನುಡಿಸಿದವರು ಇವರೇ.

ಮಿಸ್ಟಿ ಇನ್ ರೂಟ್ಸ್ ಸೌತಾಲ್‌ನವರು, ಅಂದರೆ ಲಂಡನ್ನಿನ ಪಂಜಾಬಿಗಳ ಬಡಾವಣೆಯವರು. 1979ರ ಏಪ್ರಿಲ್ 23ರಂದು ಜನಾಂಗದ್ವೇಷಿ ನ್ಯಾಷನಲ್ ಫ್ರಂಟ್ ಪಕ್ಷದ ಸಭೆಯ ವಿರುದ್ಧ ಅಲ್ಲಿ ನಡೆದ ಪ್ರತಿಭಟನೆಯಲ್ಲಿ ಬ್ಲೇರ್ ಪೀಚ್ ಎಂಬ ಶಿಕ್ಷಕ ಪ್ರಾಣ ಕಳೆದುಕೊಂಡರು. ತಂಡದ ವ್ಯವಸ್ಥಾಪಕ ಕ್ಲಾರೆನ್ಸ್ ಬೇಕರ್ ತಲೆಗೆ ತೀವ್ರ ಪೆಟ್ಟು ಬಿತ್ತು. ಅದೇ ವರ್ಷದ ಅವರ ‘ಲೈವ್ ಅಟ್ ದ ಕೌಂಟರ್ ಯೂರೋವಿಷನ್ 79’ ವೇದಿಕೆಯ ಮುದ್ರಣವಾದರೂ ಎಲ್ಲೂ ಅಬ್ಬರಿಸುವುದಿಲ್ಲ, ಪ್ರಾರ್ಥನೆಯಂತೆ ಮೆಲ್ಲಗೆ ಮೇಲೇಳುತ್ತದೆ.

ಯುಬಿ40 ತಂಡದ ಹೆಸರು ಬ್ರಿಟನ್ನಿನ ನಿರುದ್ಯೋಗ ಭತ್ಯೆಯ ಅರ್ಜಿ ನಮೂನೆಯ ಸಂಖ್ಯೆ. ‘ರೆಡ್ ರೆಡ್ ವೈನ್’ ಕೇಳಿ ಇವರನ್ನು ಮದುವೆ ಮನೆಯ ಆರ್ಕೆಸ್ಟ್ರಾ ಎಂದು ತಳ್ಳಿಹಾಕಿದವರು 1980ರ ‘ಸೈನಿಂಗ್ ಆಫ್’ ಕೇಳಿ ಮಾತು ಹಿಂತೆಗೆದುಕೊಳ್ಳಬೇಕಾಗುತ್ತದೆ.

ಹೆಣ್ಣುಮಕ್ಕಳ ದನಿ ಎಲ್ಲಿ?

ಹೆಚ್ಚಾಗಿ ಗಂಡಸರ ಹಿಂದೆ ನಿಲ್ಲಿಸಲ್ಪಟ್ಟಿತ್ತು, ಅದು ಈ ಸಂಗೀತದ ಕೊರತೆಯೇ. ಮಾರ್ಲಿಯ ಹಿಂದೆ ಹಾಡಿದ ಐ-ಥ್ರೀಸ್‌ನ ರೀಟಾ ಮಾರ್ಲಿ, ಮಾರ್ಸಿಯಾ ಗ್ರಿಫಿತ್ಸ್, ಜೂಡಿ ಮೊವಾಟ್ ಮೂವರೂ ಸ್ವತಂತ್ರ ಗಾಯಕಿಯರು; ಜೂಡಿಯವರ ‘ಬ್ಲ್ಯಾಕ್ ವುಮನ್’ ಆಲ್ಬಮ್ ತಪ್ಪದೆ ಕೇಳಿ. ಬ್ಲ್ಯಾಕ್ ಉಹುರು ತಂಡದ ಪ್ಯೂಮಾ ಜೋನ್ಸ್ ಅಮೆರಿಕದಿಂದ ಬಂದವರು. ಸ್ಲೈ-ರಾಬಿ ಜೋಡಿಯ ಜೊತೆ ಆ ತಂಡ ಮಾಡಿದ ‘ರೆಡ್’ ಕಬ್ಬಿಣದಷ್ಟು ಗಟ್ಟಿ, ಮತ್ತು ರೆಗ್ಗೆಗೆಂದೇ ಗ್ರ್ಯಾಮಿ ಶುರುವಾದಾಗ 1985ರಲ್ಲಿ ಮೊದಲ ಪ್ರಶಸ್ತಿ ಇವರ ‘ಆಂಥೆಮ್’ಗೆ ಹೋಯಿತು. ಆಲ್ತಿಯಾ ಅಂಡ್ ಡಾನಾ ಎಂಬ ಇಬ್ಬರು ಹದಿಹರೆಯದ ಹುಡುಗಿಯರ ‘ಅಪ್‌ಟೌನ್ ಟಾಪ್ ರ‍್ಯಾಂಕಿಂಗ್’ 1978ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಲಂಡನ್ನಿನ ‘ಲವರ್ಸ್ ರಾಕ್’ ಎಂಬ ಪ್ರೇಮಗೀತೆಗಳ ಕವಲನ್ನು ಕಟ್ಟಿದ್ದರಲ್ಲಿ ಗಾಯಕಿಯರದೇ ಮುಂದಾಳುತನ. ಜ್ಯಾನೆಟ್ ಕೇ ಅವರ ‘ಸಿಲ್ಲಿ ಗೇಮ್ಸ್’ ಕೇಳಿ ನೋಡಿ.

ಸಾಹಿತ್ಯ ಅರ್ಥವಾಗುವುದಿಲ್ಲ. ಜಾ, ಬ್ಯಾಬಿಲೋನ್, ಐ ಅಂಡ್ ಐ ಎಂದರೇನು?

ಹಾಡುಗಳು ಜಮೈಕಾದ ಆಡುಮಾತಾದ ಪಟ್ವಾದಲ್ಲಿವೆ, ಪದಗಳಲ್ಲಿ ಹಲವು ರಾಸ್ತಾಫಾರಿಗಳವು. 1930ರಲ್ಲಿ ಇಥಿಯೋಪಿಯದ ಚಕ್ರವರ್ತಿಯಾದ ಹೈಲೆ ಸೆಲಾಸಿಯಲ್ಲಿ ದೇವರನ್ನು ಕಂಡ ಪಂಥ ಅದು. ‘ಜಾ’ ದೇವರು. ‘ಬ್ಯಾಬಿಲೋನ್’ ಅಂದರೆ ದಬ್ಬಾಳಿಕೆಯ ವ್ಯವಸ್ಥೆ, ಬೀದಿಯ ಮಾತಿನಲ್ಲಿ ಪೊಲೀಸರೂ ಹೌದು. ‘ಝಯಾನ್’ ಮರಳಬೇಕಾದ ತವರು, ಅಂದರೆ ಆಫ್ರಿಕ. ‘ಐ ಅಂಡ್ ಐ’ ಎಂಬುದು ನಾನು, ನೀನು, ನಾವು ಎಲ್ಲವೂ: ನನ್ನಲ್ಲೂ ನಿನ್ನಲ್ಲೂ ಇರುವವನು ಒಬ್ಬನೇ ಎಂಬ ಭಾವ. ಅದ್ವೈತ ಓದಿದವರು ಇಲ್ಲಿ ತಲೆದೂಗುವುದನ್ನು ಕಂಡಿದ್ದೇನೆ, ಆದರೆ ಆ ಪದ ಬೆಳೆದದ್ದು ಗುಲಾಮಗಿರಿಯ ನೆಲದಲ್ಲಿ ಎಂಬುದನ್ನು ಮರೆಯಬಾರದು.

‘ಗಾಂಜಾ’ ಎಂಬ ನಮ್ಮ ಪದ ಅಲ್ಲಿಗೆ ಹೋದದ್ದು ಹೇಗೆ?

ಹಡಗಿನಲ್ಲಿ. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಗಿ, 1845ರಿಂದ 1917ರ ವರೆಗೆ ಸುಮಾರು 36 ಸಾವಿರ ಭಾರತೀಯರನ್ನು, ಹೆಚ್ಚಾಗಿ ಉತ್ತರ ಭಾರತದವರನ್ನು, ಕರಾರು ಕೂಲಿಗಳಾಗಿ ಜಮೈಕಾಕ್ಕೆ ಒಯ್ಯಲಾಯಿತು. ಗಿಡವನ್ನು ಸೇದುವ ರೂಢಿ, ಅದರ ಹೆಸರು ಅವರೊಂದಿಗೆ ಹೋದವು. ರಾಸ್ತಾಫಾರಿಗಳಿಗೆ ಅದು ಧಾರ್ಮಿಕ ಆಚರಣೆ. ಸಂಗೀತ ಕೇಳುವುದಕ್ಕೆ ಅದರ ಅಗತ್ಯವಿಲ್ಲ.

ಜಮೈಕಾ, ಇಂಗ್ಲೆಂಡ್ ಬಿಟ್ಟು ಬೇರೆಡೆ ಒಳ್ಳೆಯ ರೆಗ್ಗೆ ಇದೆಯೇ? ಭಾರತದಲ್ಲಿ?

ಆಫ್ರಿಕದಲ್ಲಿ ಧಾರಾಳವಾಗಿದೆ. 1980ರ ಏಪ್ರಿಲಿನಲ್ಲಿ ಜಿಂಬಾಬ್ವೆ ಸ್ವತಂತ್ರವಾದ ರಾತ್ರಿ ಹಾಡಿದ್ದು ಬಾಬ್ ಮಾರ್ಲಿ ಅಂಡ್ ದ ವೇಲರ್ಸ್. ಐವರಿ ಕೋಸ್ಟ್‌ನ ಆಲ್ಫಾ ಬ್ಲಾಂಡಿ 1986ರ ‘ಜೆರುಸಲೆಮ್’ ಆಲ್ಬಮ್ಮಿಗೆ ಜೊತೆಗೂಡಿಸಿಕೊಂಡದ್ದು ಅದೇ ವೇಲರ್ಸ್ ವಾದಕರನ್ನು. ದಕ್ಷಿಣ ಆಫ್ರಿಕದ ಲಕಿ ಡೂಬೆ ಜೂಲು ಜನಪ್ರಿಯ ಸಂಗೀತ ಬಿಟ್ಟು ರೆಗ್ಗೆಗೆ ಬಂದವರು, ಅವರ ‘ಪ್ರಿಸನರ್’ ಕೇಳಿ. ನ್ಯೂಜಿಲೆಂಡಿನ ಹರ್ಬ್ಸ್ ತಂಡದ 1981ರ ಮೊದಲ ಮುದ್ರಿಕೆಯ ಹೊದಿಕೆಯ ಮೇಲೆ ಮಾವೊರಿಗಳನ್ನು ಅವರ ನೆಲದಿಂದ ಎಬ್ಬಿಸಿದ ಬಾಸ್ಟಿಯನ್ ಪಾಯಿಂಟ್‌ನ ಚಿತ್ರವಿದೆ.

ಭಾರತದಲ್ಲಿ ದಿಲ್ಲಿಯ ಸ್ಕಾ ವೆಂಜರ್ಸ್ ತಂಡ ಮತ್ತು ರೆಗ್ಗೆ ರಾಜಾಸ್ ಎಂಬ ಸೌಂಡ್ ಸಿಸ್ಟಮ್ ಬಳಗ ಹಾದಿ ತೆರೆದವು. 2016ರಿಂದ ಗೋವಾದಲ್ಲಿ ಸನ್‌ಸ್ಪ್ಲಾಶ್ ಎಂಬ ರೆಗ್ಗೆ ಉತ್ಸವ ಶುರುವಾಯಿತು. ಸ್ಟೀಲ್ ಪಲ್ಸ್‌ನ ಹ್ಯಾಂಡ್ಸ್‌ವರ್ತ್‌ನಲ್ಲೇ ಬೆಳೆದ ಪಂಜಾಬಿ ಹುಡುಗ ಅಪಾಚೆ ಇಂಡಿಯನ್‌ನನ್ನು 90ರ ದಶಕದ ಟಿವಿ ನೋಡಿದವರು ಬಲ್ಲರು.

ಈ ತಂಡಗಳು ಇಂದಿಗೂ ಹಾಡುತ್ತಿವೆಯೇ? ಟಿಕೇಟು ಕೊಳ್ಳಬಹುದೇ?

ಕೊಳ್ಳಬಹುದು, ಆದರೆ ಯಾರು ವೇದಿಕೆಯೇರುತ್ತಾರೆಂದು ನೋಡಿಕೊಂಡು. ಕಲ್ಚರ್‌ನ ಜೋಸೆಫ್ ಹಿಲ್ 2006ರಲ್ಲಿ ಪ್ರವಾಸದ ನಡುವೆಯೇ ಬರ್ಲಿನ್ನಿನಲ್ಲಿ ತೀರಿಕೊಂಡಾಗ ಮಗ ಕೆನ್ಯಾಟಾ ಮುಂದೆ ನಿಂತು ಉಳಿದ ಕಾರ್ಯಕ್ರಮಗಳನ್ನು ನಡೆಸಿಕೊಟ್ಟರು. ತಂದೆಯ ದನಿಯೇ ಮಗನಿಗೂ ಬಂದಿದೆ. ಗಾಯಕ ಆಲಿ ಕ್ಯಾಂಪ್‌ಬೆಲ್ 2008ರಲ್ಲಿ ಹೊರಬಂದ ಮೇಲೆ ಯುಬಿ40 ಹೆಸರಿನಲ್ಲಿ ಎರಡು ತಂಡಗಳಾದವು, ಪೋಸ್ಟರನ್ನು ಎರಡು ಸಲ ಓದದಿದ್ದರೆ ಬಯಸಿದ ದನಿ ಬೇರೆ ಊರಿನಲ್ಲಿ ಹಾಡುತ್ತಿರುತ್ತದೆ. ವೇಲರ್ಸ್ ಹೆಸರನ್ನು ಬಹುಕಾಲ ಹೊತ್ತು ತಿರುಗಿದವರು ಬಾಸ್ ವಾದಕ ಫ್ಯಾಮಿಲಿ ಮ್ಯಾನ್. ಅವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಈಗ ಆ ತಂಡದಲ್ಲಿ ಡ್ರಮ್ ನುಡಿಸುವವರು ಅವರ ಮಗ.